ನಾಲ್ಕು ವರ್ಷದ ಮಗಳಿಗೆ ಪೆನ್ಸಿಲ್ ಅಂದ್ರೆ ಅಳು: ಆಟದಲ್ಲೇ ಬರವಣಿಗೆಗೆ ಕೈ ಪಳಗಿಸೋದು ಹೇಗೆ?

ಸರಸ್ವತಿಪುರಂ ಅಮ್ಮ
ಡಿಸೆಂಬರ್ 17, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಮಗಳಿಗೆ ನಾಲ್ಕು ವರ್ಷ ಎರಡು ತಿಂಗಳು, ಎಲ್‌ಕೆಜಿ. ದಿನಾ ಹೋಂವರ್ಕ್ ಬರತ್ತೆ. ಒಂದು ಪುಟ ಸ್ಟ್ಯಾಂಡಿಂಗ್ ಲೈನ್, ಒಂದು ಪುಟ ಸ್ಲೀಪಿಂಗ್ ಲೈನ್. ಈ ತಿಂಗಳಿಂದ ಅದರ ಜೊತೆಗೆ ಅ, ಆ ಒಂದೊಂದು ಪುಟ.

ಪೆನ್ಸಿಲ್‌ನ ಮುಷ್ಟಿಯಲ್ಲಿ ಹಿಡೀತಾಳೆ, ಸೌಟು ಹಿಡಿದ ಹಾಗೆ. ಒತ್ತಿ ಒತ್ತಿ ಮೊನೆ ಮುರಿಯತ್ತೆ, ಹಾಳೆ ಹರಿಯತ್ತೆ. ನಾಲ್ಕನೇ ಸಾಲಿಗೆ ಬರೋ ಹೊತ್ತಿಗೆ ಬೆರಳ ತುದಿ ಬಿಳಿಚಿಕೊಂಡಿರತ್ತೆ, "ಕೈ ನೋಯತ್ತಮ್ಮ" ಅಂತಾಳೆ. ಡೈರಿಯಲ್ಲಿ ಮಿಸ್ ಬರೆದು ಕಳಿಸಿದಾರೆ: ಬರವಣಿಗೆ ನಿಧಾನ, ಮನೆಯಲ್ಲಿ ಅಭ್ಯಾಸ ಮಾಡಿಸಿ.

ಇವತ್ತು ಪೆನ್ಸಿಲ್ ಡಬ್ಬಿ ಕಾಣಿಸ್ಲಿಲ್ಲ. ಮನೆಯೆಲ್ಲ ಹುಡುಕಿದ್ವಿ. ರಾತ್ರಿ ಅನ್ನಕ್ಕಿಡೋಕೆ ಅಂತ ಪಾವು ಹಾಕಿದಾಗ ಅಕ್ಕಿ ಡಬ್ಬದೊಳಗೆ ಟಣ್ ಅಂತು. ಅಲ್ಲಿ ಹೂತಿಟ್ಟಿದ್ಲು. ನಾನು ಜೋರು ಮಾಡಿಬಿಟ್ಟೆ. ಅತ್ತು ಅತ್ತು ಮಲಗಿದಾಳೆ. ಅವಳ ಪಕ್ಕದಲ್ಲೇ ಕೂತು ಇದನ್ನ ಬರೀತಿದೀನಿ.

ನನಗೆ ಅರ್ಥವಾಗದ ವಿಷಯ ಒಂದಿದೆ. ಇದೇ ಹುಡುಗಿ ಹಿತ್ತಲ ಗೋಡೆ ಮೇಲೆ ಬಳಪ ಹಿಡಿದ್ರೆ ಅರ್ಧ ಗಂಟೆ ಅಲ್ಲಾಡಲ್ಲ. ಸುತ್ತು, ಸುತ್ತು, ಸುತ್ತು. ಆಮೇಲೆ "ಇದು ಕಾರಂಜಿ ಕೆರೆ ನವಿಲು" ಅಂತ ತೋರಿಸ್ತಾಳೆ. ಅಲ್ಲಿ ನೋಯದ ಕೈ ಪುಸ್ತಕದ ಮೇಲೆ ಯಾಕೆ ನೋಯತ್ತೆ? ಅಳಿಸದೆ ಕಲಿಸೋ ದಾರಿ ಯಾರಿಗಾದ್ರೂ ಗೊತ್ತಿದ್ರೆ ಹೇಳಿ.

ನಲಿಕಲಿ ಟೀಚರ್
ಡಿಸೆಂಬರ್ 18, ಬೆಳಿಗ್ಗೆ 6:15

ಮೇಡಂ, ಮೊದಲು ನಿಮ್ಮ ಕೊನೆ ಪ್ರಶ್ನೆಗೇ ಬರ್ತೀನಿ, ಉತ್ತರ ಎಲ್ಲ ಅದರಲ್ಲೇ ಇದೆ. ಗೋಡೆ ಮೇಲೆ ಅವಳಿಗೆ ಹೇಳೋಕೆ ಒಂದು ಮಾತಿದೆ, ನವಿಲಿದೆ. ಕೈ ಪೂರ್ತಿ ಭುಜದಿಂದ ಆಡತ್ತೆ. ಪುಸ್ತಕದಲ್ಲಿ ಎರಡು ಗೆರೆ ನಡುವಿನ ಸಣ್ಣ ಜಾಗದಲ್ಲಿ, ಅವಳಿಗೆ ಅರ್ಥವೇ ಇಲ್ಲದ ಒಂದು ಗೆರೇನ ಅರವತ್ತು ಸಲ ಎಳೀಬೇಕು. ಬೆರಳು ಇನ್ನೂ ಅದಕ್ಕೆ ತಯಾರಾಗಿಲ್ಲ.

ಸಾಮಾನ್ಯವಾಗಿ ಮಕ್ಕಳು ಎರಡು ವರ್ಷದ ಹೊತ್ತಿಗೆ ಮೇಲಿಂದ ಕೆಳಗೆ ಗೆರೆ ಎಳೀತಾರೆ, ಮೂರಕ್ಕೆ ಸೊನ್ನೆ ಬರೀತಾರೆ, ನಾಲ್ಕಕ್ಕೆ ಕೂಡಿಸೋ ಗುರುತು, ಐದಕ್ಕೆ ತ್ರಿಕೋನ. ಒಂದಿಷ್ಟು ತಿಂಗಳು ಹಿಂದೆ ಮುಂದೆ ಆಗೋದು ಸಹಜ. ಓರೆ ಗೆರೆ ತಡವಾಗೇ ಬರೋದು. ಇಂಗ್ಲಿಷ್ ದೊಡ್ಡಕ್ಷರದ ಎಯಲ್ಲಿ ಎರಡು ಓರೆ ಗೆರೆ, ಅದನ್ನೇ ಮೊದಲ ದಿನ ಬರೆಸ್ತೀವಿ ಅನ್ನೋದು ನನಗೆ ಯಾವತ್ತೂ ನೋವಿನ ವಿಷಯ.

ಇನ್ನೊಂದು. ಸ್ಟ್ಯಾಂಡಿಂಗ್ ಲೈನ್, ಸ್ಲೀಪಿಂಗ್ ಲೈನ್ ಅನ್ನೋದು ಇಂಗ್ಲಿಷ್ ಅಕ್ಷರಕ್ಕೆ ಹೊಂದೋ ತಯಾರಿ. ನಮ್ಮ ಕನ್ನಡ ಅಕ್ಷರದಲ್ಲಿ ನೆಟ್ಟಗಿನ ಗೆರೆ ಹುಡುಕಿದ್ರೂ ಸಿಗೋದು ಕಷ್ಟ. ರ ನೋಡಿ, ದ ನೋಡಿ, ಠ ನೋಡಿ, ಎಲ್ಲ ಸುತ್ತು. ಗ ಕಮಾನು. ಹಾಗಾದ್ರೆ ಕನ್ನಡಕ್ಕೆ ನಿಜವಾದ ತಯಾರಿ ಯಾವುದು? ನಿಮ್ಮ ಮಗಳು ಗೋಡೆ ಮೇಲೆ ಮಾಡ್ತಿರೋದೇ. ಅವಳು ಆಗಲೇ ಕನ್ನಡ ಬರವಣಿಗೆಯ ಮೊದಲ ಪಾಠ ಶುರು ಮಾಡ್ಕೊಂಡಿದಾಳೆ, ನಾವು ಗುರುತಿಸಿಲ್ಲ ಅಷ್ಟೇ.

ನಲಿಕಲಿ ಅಂದ್ರೆ ಸರ್ಕಾರಿ ಶಾಲೆಗಳಲ್ಲಿ ಆಟದ ಮೂಲಕ ಕಲಿಸೋ ಪದ್ಧತಿ. ಅದು ಶುರುವಾಗಿದ್ದು ನಮ್ಮ ಮೈಸೂರು ಜಿಲ್ಲೆಯಲ್ಲೇ, 1995ರಲ್ಲಿ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು ಕಟ್ಟಿದ್ದು. ಅದರಲ್ಲಿ ಅ ಆ ಇ ಈ ಅಂತ ವರ್ಣಮಾಲೆ ಸಾಲಿನಲ್ಲಿ ಶುರು ಮಾಡಲ್ಲ. ರ ಗ ಸ ದ ಅ ಅಂತ ಶುರು. ಐದೇ ಅಕ್ಷರಕ್ಕೆ ಸರ, ಅರಸ, ಗರಗಸ ಅಂತ ಮಾತು ಕಟ್ಟಬಹುದು, ಮಗುಗೆ ಮೊದಲ ವಾರದಲ್ಲೇ ಓದಿದ ಖುಷಿ. ಅದೂ ಒಂದನೇ ತರಗತಿಯಲ್ಲಿ. ಹಾಡು, ಚಿತ್ರ, ಮರಳು, ಬಣ್ಣ ಎಲ್ಲ ಆದ ಮೇಲೆ.

ಇವತ್ತು ಸಂಜೆ ಪುಸ್ತಕ ತೆಗೀಬೇಡಿ. ಒಂದು ತಟ್ಟೆಗೆ ರವೆ ಹರಡಿ ಕೊಡಿ. ನೀವು ಏನೂ ಹೇಳ್ಬೇಡಿ, ಪಕ್ಕದಲ್ಲಿ ಕೂತ್ಕೊಳಿ ಸಾಕು.

ಅಂಗನವಾಡಿ ಅಕ್ಕ, ನರಸೀಪುರ ಕಡೆ
ಡಿಸೆಂಬರ್ 18, ಮಧ್ಯಾಹ್ನ 2:05

ನಮ್ಮ ಕೇಂದ್ರಕ್ಕೆ ಬರೋ ತಾಯಂದ್ರು ಇದನ್ನೇ ಕೇಳ್ತಾರೆ. "ಕಾನ್ವೆಂಟ್ ಮಕ್ಳು ಎಬಿಸಿಡಿ ಬರೀತವೆ, ನೀವು ಬರೀ ಹಾಡು ಹೇಳಿಸ್ತೀರ" ಅಂತ. ನಾನು ಅವ್ರನ್ನ ಒಂದು ದಿನ ಒಳಗೆ ಕೂರಿಸ್ಕೊಂಡು ತೋರಿಸ್ತೀನಿ. ಹುಣಸೆಬೀಜ ಹೆಕ್ಕಿ ಬಾಟಲಿಗೆ ಹಾಕೋದು, ಹಸಿಮಣ್ಣಲ್ಲಿ ಉಂಡೆ ಕಟ್ಟೋದು, ಹಾವು ಹೊಸೆಯೋದು, ಆ ಹಾವನ್ನ ಸುತ್ತಿ ರ ಮಾಡೋದು. ಇದೆಲ್ಲ ಬರವಣಿಗೇನೆ ಅಂತ ಹೇಳ್ತೀನಿ. ಕರ್ನಾಟಕದಲ್ಲಿ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಗಿದ್ದು ನಮ್ಮ ಟಿ. ನರಸೀಪುರದಲ್ಲೇ. ಈ ಊರಿನ ಎರಡು ತಲೆಮಾರು ಮಣ್ಣಲ್ಲಿ ಆಡ್ಕೊಂಡೇ ಅಕ್ಷರ ಕಲ್ತಿದೆ.

ಒಂದು ಎಚ್ಚರಿಕೆ ಅಕ್ಕ. ಬೀಜ, ಮಣಿ, ಕಾಳು ಅಂದ್ರೆ ಮೂಗಿಗೆ ಕಿವಿಗೆ ಹಾಕ್ಕೋತವೆ. ಕಣ್ಣೆದುರಿಗೆ ಆಡಿಸಿ, ಮುಗಿದ ತಕ್ಷಣ ಎಣಿಸಿ ಎತ್ತಿಡಿ.

ಮಂಡ್ಯದಪ್ಪ
ಡಿಸೆಂಬರ್ 18, ರಾತ್ರಿ 9:30

ಎಲ್ಲ ಸರಿ ಕಣ್ರೀ, ಕೇಳೋಕೆ ಚೆನ್ನಾಗೈತೆ. ನಾನು ಗಲಾಟೆ ಮಾಡೋಕೆ ಬಂದಿಲ್ಲ, ಭಯ ಆಯ್ತದೆ ಅಂತ ಕೇಳ್ತಿದೀನಿ. ನನ್ನ ಮಗನಿಗೆ ಐದು ತುಂಬ್ತು, ಯುಕೆಜಿ. ನಮ್ಮಣ್ಣನ ಮಗ ಅದೇ ವಯಸ್ಸು, ಒಂದರಿಂದ ನೂರು ಬರೀತಾನೆ, ಅ ಇಂದ ಳ ತನಕ ಬರೀತಾನೆ. ನಮ್ಮೋನು ಬುಗುರಿ, ಗೋಲಿ, ಗದ್ದೆ ಬದಿ ಓಡಾಟ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ನನ್ನ ಬರವಣಿಗೆ ಕೆಟ್ಟದಾಗಿದ್ದುದಕ್ಕೆ ಮೇಷ್ಟ್ರು ಎಲ್ಲರೆದುರಿಗೆ ನನ್ನ ಪುಸ್ತಕ ಎತ್ತಿ ತೋರಿಸಿದ್ರು, ಅದು ಇವತ್ತಿಗೂ ಮರ್ತಿಲ್ಲ. ಮಗನಿಗೆ ಹಂಗಾಗಬಾರ್ದು. ಆಟ ಆಡಿಸ್ಕೊಂಡು ಕೂತು ನಾಳೆ ಒಂದನೇ ಕ್ಲಾಸಲ್ಲಿ ಹಿಂದೆ ಬಿದ್ರೆ ಏನ್ ಮಾಡೋದು?

ನಲಿಕಲಿ ಟೀಚರ್
ಡಿಸೆಂಬರ್ 18, ರಾತ್ರಿ 10:10

ಸರ್, ನಿಮ್ಮ ಭಯ ನ್ಯಾಯವಾದದ್ದು. ಆದ್ರೆ ನಾನು ತರಗತಿಯಲ್ಲಿ ಕಂಡಿದ್ದನ್ನ ಹೇಳ್ತೀನಿ. ನೂರರವರೆಗೆ ಬರೆಯೋ ಮಗುಗೆ "ಏಳು ಕಡ್ಡಿ ಕೊಡು" ಅಂದ್ರೆ ಕೊಡೋಕೆ ಬರದೇ ಇರೋದು ಎಷ್ಟೋ ಸಲ ನೋಡಿದೀನಿ. ಅ ಇಂದ ಳ ತನಕ ಚಿತ್ರ ಬಿಡಿಸಿದ ಹಾಗೆ ಬರೆದು, ಮಧ್ಯದಿಂದ ಒಂದಕ್ಷರ ತೋರಿಸಿದ್ರೆ ಮತ್ತೆ ಮೊದಲಿಂದ ಹೇಳಿಕೊಂಡು ಬರೋ ಮಕ್ಕಳನ್ನೂ ನೋಡಿದೀನಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನ ಒಟ್ಟಿಗೆ ಬುನಾದಿ ಹಂತ ಅಂತ ಕರೆದಿರೋದು ಇದಕ್ಕೇನೆ. ಎರಡನೇ ತರಗತಿ ಮುಗಿಯೋವರೆಗೂ ಇದು ಪಾಯ ತೆಗೆಯೋ ಕಾಲ.

ಬುಗುರಿ ಆಡ್ತಾನೆ ಅಂದ್ರಲ್ಲ, ಚಾಟಿ ತಾನೇ ಸುತ್ತಿಕೋತಾನಾ?

ಮಂಡ್ಯದಪ್ಪ
ಡಿಸೆಂಬರ್ 18, ರಾತ್ರಿ 10:14

ಹೂಂ, ತಾನೇ ಸುತ್ತತಾನೆ. ಬಿಗಿಯಾಗೇ ಸುತ್ತತಾನೆ.

ನಲಿಕಲಿ ಟೀಚರ್
ಡಿಸೆಂಬರ್ 18, ರಾತ್ರಿ 10:16

ಹಾಗಾದ್ರೆ ಆ ಬೆರಳಿನ ಬಗ್ಗೆ ಚಿಂತೆ ಬಿಡಿ.

ಓಟಿ, ಮೈಸೂರು
ಡಿಸೆಂಬರ್ 19, ಬೆಳಿಗ್ಗೆ 11:00

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಮಕ್ಕಳ ಕೈ ಬಗ್ಗೆ ದಿನಾ ಕೆಲಸ ಮಾಡೋಳು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಹುಟ್ಟಿದಾಗ ಅವು ಮೂಳೆಯೇ ಅಲ್ಲ, ಮೆತ್ತಗಿನ ಮೃದ್ವಸ್ಥಿ. ವರ್ಷ ಕಳೆದ ಹಾಗೆ ಒಂದೊಂದಾಗಿ ಗಟ್ಟಿಯಾಗ್ತಾ ಬರತ್ತೆ, ಕೊನೆಯದು ಗಟ್ಟಿಯಾಗೋಕೆ ಶುರುವಾಗೋದು 9ರಿಂದ 12 ವರ್ಷದ ಹೊತ್ತಿಗೆ. ನಾಲ್ಕು ವರ್ಷದ ಕೈಯನ್ನ ಎಕ್ಸ್‌ರೇಯಲ್ಲಿ ನೋಡಿದ್ರೆ ಮಣಿಕಟ್ಟಿನ ಜಾಗ ಅರ್ಧಕ್ಕರ್ಧ ಖಾಲಿ ಕಾಣತ್ತೆ. ಆ ಕೈಗೆ ನಾವು ಪುಟಗಟ್ಟಲೆ ಬರೆಸ್ತೀವಿ.

ಪೆನ್ಸಿಲ್ ಹಿಡಿತವೂ ಮೆಟ್ಟಿಲು ಮೆಟ್ಟಿಲಾಗಿ ಬರತ್ತೆ. ಮೊದಲು ಮುಷ್ಟಿ. ಆಮೇಲೆ ಬೆರಳುಗಳೆಲ್ಲ ಕೆಳಮುಖ ಮಾಡಿ ಹಿಡಿಯೋದು. ಮೂರೂವರೆ ನಾಲ್ಕರ ಸುಮಾರಿಗೆ ಮೂರು ಬೆರಳ ಹಿಡಿತ ಬರತ್ತೆ, ಆದ್ರೆ ಆಗ ಆಡೋದು ಮಣಿಕಟ್ಟು, ಬೆರಳಲ್ಲ. ಬೆರಳಷ್ಟೇ ಆಡಿಸಿ ಬರೆಯೋ ದೊಡ್ಡವರ ಹಿಡಿತ ನಾಲ್ಕೂವರೆಯಿಂದ ಆರರ ನಡುವೆ ಬರತ್ತೆ. ನಾಲ್ಕಕ್ಕೆ ಮುಷ್ಟಿಯಲ್ಲಿ ಹಿಡಿದ್ರೆ ಸ್ವಲ್ಪ ಹಿಂದಿದೆ ಅನ್ನಬಹುದು, ಗಾಬರಿಪಡೋ ಹಾಗಿಲ್ಲ. ಬೆರಳನ್ನ ಎಳೆದು ಬಲವಂತವಾಗಿ ಜೋಡಿಸಬೇಡಿ. ಅದರ ಬದಲು ಕ್ರೇಯಾನ್ ಮುರಿದು ಕೊಡಿ. ಹೆಬ್ಬೆರಳ ಒಂದು ಗಿಣ್ಣಿನಷ್ಟು ತುಂಡು. ಅಷ್ಟು ಚಿಕ್ಕದನ್ನ ಮುಷ್ಟಿಯಲ್ಲಿ ಹಿಡಿಯೋಕೇ ಆಗಲ್ಲ, ಬೆರಳು ತಾನಾಗೇ ಸರಿಯಾಗಿ ಕೂತ್ಕೊಳತ್ತೆ. ನಮ್ಮ ಹಿಂದಿನವರು ಸವೆದ ಬಳಪದ ತುಂಡಲ್ಲೇ ಸ್ಲೇಟು ತುಂಬಿಸ್ತಿದ್ದರಲ್ಲ, ಅದರಲ್ಲಿ ಈ ಲಾಭ ಇತ್ತು.

ಗೋಡೆ ಮೇಲೆ ಬರೆಯೋದನ್ನ ದಯವಿಟ್ಟು ನಿಲ್ಲಿಸಬೇಡಿ. ನಿಂತು ಎದುರಿಗೆ ಬರೆದಾಗ ಮಣಿಕಟ್ಟು ಹಿಂದಕ್ಕೆ ಬಾಗತ್ತೆ, ಬರವಣಿಗೆಗೆ ಬೇಕಾದ ಭಂಗಿ ಅದೇ. ಭುಜಕ್ಕೂ ಬಲ ಬರತ್ತೆ. ಭುಜ ಗಟ್ಟಿ ಇಲ್ಲದ ಮಗು ಮೇಜಿನ ಮೇಲೆ ಒರಗಿಬಿಡತ್ತೆ, ಎಲ್ಲ ಭಾರ ಪೆನ್ಸಿಲ್ ಮೇಲೆ ಬೀಳತ್ತೆ, ಮೊನೆ ಮುರಿಯತ್ತೆ. ಮೊನೆ ಮುರಿದ್ರೆ ಬೆರಳು ನೋಡ್ತೀವಿ, ಭುಜ ನೋಡೋದು ಮರೀತೀವಿ. ಮರ ಹತ್ತೋದು, ಜೋತಾಡೋದು, ಆನೆ ನಡಿಗೆ, ನೀರಿನ ಬಕೆಟ್ ಎತ್ತೋದು, ಇವೆಲ್ಲ ಭುಜಕ್ಕೆ.

ಇನ್ನು ಬೆರಳಿಗೆ. ಈಗ ಅವರೆ ಕಾಲ, ಇದಕ್ಕಿಂತ ಒಳ್ಳೆ ತಿಂಗಳು ಇಲ್ಲ. ಕಾಯಿ ಸುಲಿಯೋಕೆ ಕೂರಿಸಿ. ಹಿದುಕಿದ ಬೇಳೆ ಮಾಡ್ತೀರಲ್ಲ, ನೆನೆಹಾಕಿದ ಕಾಳನ್ನ ಅವಳ ಕೈಗೆ ಕೊಡಿ. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಒತ್ತಿದ್ರೆ ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಪಟಕ್ ಅಂತ ಹಾರತ್ತೆ. ಮಕ್ಕಳಿಗೆ ಆ ಹಾರೋದೇ ಆಟ. ಮೊದಲ ದಿನ ಹತ್ತು ಕಾಳಿಗೇ ಸುಸ್ತಾಗ್ತಾರೆ, ಎರಡು ವಾರಕ್ಕೆ ಒಂದು ಬಟ್ಟಲು ಮುಗಿಸ್ತಾರೆ. ಕ್ಲಿನಿಕ್ಕಿನಲ್ಲಿ ಮಕ್ಕಳಿಗೆ ಚಿಮ್ಮಟ ಕೊಟ್ಟು ಮಣಿ ಎತ್ತಿಸ್ತೀವಿ, ನಿಜ ಹೇಳ್ಬೇಕಂದ್ರೆ ಅವರೆಕಾಳು ಅದಕ್ಕಿಂತ ಮೇಲು, ಎಷ್ಟು ಒತ್ತಬೇಕು ಅನ್ನೋದನ್ನ ಕಾಳೇ ಹೇಳಿಕೊಡತ್ತೆ. ನಿಮ್ಮ ಮಗಳಿಗೆ ಬೇಕಿರೋದು ಆ ಅಳತೆ. ಒತ್ತಡದ ಅಂದಾಜು.

ಮದ್ದೂರು ಅಕ್ಕ
ಡಿಸೆಂಬರ್ 19, ಸಂಜೆ 5:20

ಮಧ್ಯದಲ್ಲಿ ಒಂದು ಪ್ರಶ್ನೆ. ನನ್ನ ಮಗ ಎಡಗೈಯಲ್ಲಿ ಬರೀತಾನೆ, ನಾಲ್ಕೂವರೆ. ನಮ್ಮ ಮಾವನವರು ಎಡಗೈ ಮುಂದೆ ಬಂದ ತಕ್ಷಣ ಹೊಡೀತಾರೆ. ಬದಲಾಯಿಸಬೇಕಾ?

ಓಟಿ, ಮೈಸೂರು
ಡಿಸೆಂಬರ್ 19, ಸಂಜೆ 6:45

ಖಂಡಿತ ಬದಲಾಯಿಸಬೇಡಿ. ಯಾವ ಕೈ ಅನ್ನೋದು ಮೆದುಳಿನ ವ್ಯವಸ್ಥೆ, ಹಟ ಅಲ್ಲ. ನಾಲ್ಕರಿಂದ ಆರರೊಳಗೆ ಅದು ನಿಲ್ಲತ್ತೆ. ಹಾಳೆಯನ್ನ ಸ್ವಲ್ಪ ಬಲಕ್ಕೆ ವಾಲಿಸಿ ಇಡಿ, ಬೆಳಕು ಬಲಗಡೆಯಿಂದ ಬರಲಿ, ಪೆನ್ಸಿಲ್‌ನ ಮೊನೆಯಿಂದ ಸ್ವಲ್ಪ ಮೇಲೆ ಹಿಡಿಯೋಕೆ ಹೇಳಿ, ಬರೆದದ್ದು ಅವನಿಗೇ ಕಾಣ್ಲಿ ಅಂತ. ಮಾವನವರಿಗೆ ಹೇಳಿ: ಊಟಕ್ಕೆ ಬಲಗೈ ಕಲಿಸೋದು ಮನೆ ಪದ್ಧತಿ, ಅದನ್ನ ಪ್ರೀತಿಯಿಂದ ಕಲಿಸಿ. ಬರೆಯೋ ಕೈಗೆ ಮಾತ್ರ ಹೊಡೀಬೇಡಿ.

ಕುವೆಂಪುನಗರ ಅಜ್ಜಿ
ಡಿಸೆಂಬರ್ 20, ಬೆಳಿಗ್ಗೆ 7:30

ನನ್ನ ಸೊಸೆ ಫೋನಿನಲ್ಲಿ ಇದನ್ನೆಲ್ಲ ಓದಿ ಹೇಳಿದಳು. ನಾನು ಹೇಳಿದ್ದನ್ನ ಅವಳೇ ಟೈಪ್ ಮಾಡ್ತಿದ್ದಾಳೆ.

ಧನುರ್ಮಾಸ ಬಂದಿದೆ, ಎಲ್ಲರ ಬಾಗಿಲಲ್ಲೂ ದೊಡ್ಡ ರಂಗೋಲಿ. ಮಗುವನ್ನ ಎಬ್ಬಿಸಿ ಕರ್ಕೊಂಡು ಹೊರಗೆ ಬಾಮ್ಮ. ನಾನು ಮೊಮ್ಮಗಳಿಗೆ ಕಲಿಸಿದ್ದು ಹೀಗೆ.

ಮೊದಲು ನೀರು ಚಿಮುಕಿಸೋ ಕೆಲಸ ಅವಳದು. ಬೊಗಸೆಯಲ್ಲಿ ನೀರು ಹಿಡಿದು ಬೆರಳು ಬಿಡಿಸಿ ಚಿಮುಕಿಸೋದು. ಆಮೇಲೆ ಪುಡಿ. ಚಿಕ್ಕ ಮಕ್ಕಳು ಕೈ ಬಾಯಿಗಿಟ್ಟುಕೊಳ್ತವೆ, ಅದಕ್ಕೆ ಅಕ್ಕಿ ಹಿಟ್ಟೇ ಕೊಡಿ. ಹಿಟ್ಟನ್ನ ಚಿಟಿಕೆಯಲ್ಲಿ ತಗೊಂಡು, ಹೆಬ್ಬೆರಳನ್ನ ತೋರುಬೆರಳ ಮೇಲೆ ಮೆಲ್ಲಗೆ ಹಿಂದಕ್ಕೆ ಜಾರಿಸಬೇಕು. ಬಿಗಿ ಹಿಡಿದರೆ ಒಂದು ಕಣವೂ ಬೀಳೋದಿಲ್ಲ. ಸಡಿಲ ಬಿಟ್ಟರೆ ಗುಪ್ಪೆ ಬೀಳುತ್ತೆ. ಎರಡರ ನಡುವೆ ಒಂದು ಹದ ಇದೆ. ಆ ಹದ ಸಿಕ್ಕಿದ ದಿನ ಮಗುವಿನ ಮುಖ ನೋಡಬೇಕು ನೀವು. ನನ್ನ ಮೊಮ್ಮಗಳು ಗೆರೆ ಹೊರಟ ತಕ್ಷಣ ಉಸಿರು ಬಿಗಿ ಹಿಡಿದುಕೊಂಡಳು. ಗೆರೆ ಮುಗಿದ ಮೇಲೆ ಉಸಿರು ಬಿಟ್ಟಳು. ನಾನು ಆ ಮೂರು ಗೇಣು ಗೆರೆಯ ಮೇಲೆ ಆವತ್ತು ಯಾರಿಗೂ ಕಾಲಿಡೋಕೆ ಬಿಡಲಿಲ್ಲ.

ಚುಕ್ಕಿ ಇಡೋಕೆ ಹೇಳಿಕೊಡಿ, ಮೂರು ಸಾಲು, ಸಾಲಿಗೆ ಮೂರು. ಒಂದು ಚುಕ್ಕಿಗೂ ಇನ್ನೊಂದಕ್ಕೂ ಎರಡು ಬೆರಳಗಲ. ಅಷ್ಟರಲ್ಲೇ ಅಂತರ ಬಿಟ್ಟು ಬರೆಯೋದು ಬಂದ ಹಾಗೆ. ಆಮೇಲೆ ಬಳ್ಳಿ ರಂಗೋಲಿ, ಚುಕ್ಕಿಗೆ ತಾಗದ ಹಾಗೆ ಸುತ್ತಿಕೊಂಡು ಬರೋದು. ಟೀಚರಮ್ಮ ಹೇಳಿದರಲ್ಲ ಕನ್ನಡ ಅಕ್ಷರ ಎಲ್ಲ ಸುತ್ತು ಅಂತ, ನಿಜ. ಬಳ್ಳಿ ತಿರುಗಿಸೋಕೆ ಬಂದವಳಿಗೆ ಅ ಬರೆಯೋದು ಏನು ಕಷ್ಟ? ನಮ್ಮ ತಾತ ಕೂಲಿಮಠದಲ್ಲಿ ಮರಳ ಮೇಲೆ ಬೆರಳಲ್ಲಿ ತಿದ್ದಿ ಕಲಿತವರು. ಅಕ್ಷರಾಭ್ಯಾಸಕ್ಕೆ ತಟ್ಟೆಯಲ್ಲಿ ಅಕ್ಕಿ ಹರಡಿ ಬೆರಳು ಹಿಡಿದು ಬರೆಸ್ತೀವಲ್ಲ, ಅಲ್ಲಿ ಪೆನ್ಸಿಲ್ ಇಲ್ಲ, ಬೆರಳೇ ಲೇಖನಿ. ಒಂದು ದಿನ ಶಾಸ್ತ್ರ ಮಾಡಿ ಮಾರನೆ ದಿನ ಪೆನ್ಸಿಲ್ ಕೊಡ್ತೀರಿ. ಆ ಅಕ್ಕಿ ತಟ್ಟೆ ಒಂದು ವರ್ಷ ಇರಲಿ.

ಗಂಡು ಮಕ್ಕಳಿಗೂ ರಂಗೋಲಿ ಹಾಕಿಸಿ. ನನ್ನ ಮಗನಿಗೆ ಹಾಕಿಸಲಿಲ್ಲ, ಅದು ನನ್ನ ತಪ್ಪು.

ಪೆನ್ಸಿಲ್ ಡಬ್ಬಿ ಅಕ್ಕಿಯಲ್ಲಿ ಬಚ್ಚಿಟ್ಟಿದ್ದಕ್ಕೆ ಬೈಬೇಡ ಕಣಮ್ಮ. ಬಾಯಲ್ಲಿ ಹೇಳೋಕೆ ಬರಲಿಲ್ಲ, ಹಾಗೆ ಹೇಳಿದೆ ಮಗು.

ಸರಸ್ವತಿಪುರಂ ಅಮ್ಮ
ಡಿಸೆಂಬರ್ 20, ರಾತ್ರಿ 10:05

ಅಜ್ಜಿ, ಕೊನೆ ಸಾಲು ಓದಿ ಕಣ್ಣು ತುಂಬಿ ಬಂತು. ನಾಳೆಯಿಂದ ಅವಳನ್ನ ಎಬ್ಬಿಸ್ತೀನಿ.

ರವೆ ತಟ್ಟೆ ಕೊಟ್ಟೆ. ಮೊದಲು ಎರಡೂ ಕೈಯಲ್ಲಿ ಬಾಚಿ ಬೆಟ್ಟ ಮಾಡಿದ್ಲು, ಬೆಟ್ಟಕ್ಕೆ ಬೆರಳಲ್ಲಿ ಮೆಟ್ಟಿಲು ಮಾಡಿ "ಚಾಮುಂಡಿ ಬೆಟ್ಟ" ಅಂದ್ಲು. ಅಕ್ಷರದ ಸುದ್ದಿ ನಾನು ಎತ್ತಲೇ ಇಲ್ಲ. ನಲವತ್ತು ನಿಮಿಷ ಕೂತಿದ್ಲು.

ವಿಜಯನಗರ ಮೂರನೇ ಹಂತ
ಡಿಸೆಂಬರ್ 22, ಮಧ್ಯಾಹ್ನ 12:30

ಇಲ್ಲಿ ಎಲ್ಲರೂ ಆಟ ಆಟ ಅಂತಿದೀರ, ಒಪ್ತೀನಿ. ಆದರೆ ನನ್ನ ಅನುಭವವನ್ನೂ ಇಲ್ಲಿ ಇಡಬೇಕು, ಯಾರಿಗಾದ್ರೂ ಉಪಯೋಗಕ್ಕೆ ಬರಬಹುದು.

ನನ್ನ ಮಗನಿಗೆ ಐದಾದಾಗ ನಾನೂ ಹೀಗೇ ಸಮಾಧಾನ ಮಾಡ್ಕೊಂಡೆ. ನಿಧಾನಕ್ಕೆ ಬರತ್ತೆ, ಗಂಡು ಮಕ್ಕಳು ಹಾಗೇ ಅಂತ ಎಲ್ಲರೂ ಹೇಳಿದ್ರು. ಆರೂವರೆ ಆದ್ರೂ ಅಂಗಿ ಗುಂಡಿ ಹಾಕೋಕೆ ಆಗ್ತಿರಲಿಲ್ಲ. ಚಮಚದಲ್ಲಿ ತಿಂದ್ರೆ ಅರ್ಧ ಮೈಮೇಲೆ. ಸೊನ್ನೆ ಬರೆದ್ರೆ ಬಾಯಿ ಮುಚ್ಚುತ್ತಿರಲಿಲ್ಲ, ಎರಡು ತುದಿ ಎಲ್ಲೋ. ಬೇರೆ ಮಕ್ಕಳು ಬಣ್ಣ ಹಚ್ಚೋಕೆ ಕೂತ್ರೆ ಇವನು ಎದ್ದು ಹೋಗಿಬಿಡ್ತಿದ್ದ. ನಾನು ಅದನ್ನ ಸೋಮಾರಿತನ ಅಂದ್ಕೊಂಡೆ. ಆಮೇಲೆ ತೋರಿಸಿದಾಗ ಗೊತ್ತಾಯ್ತು, ಕೈ ಮತ್ತು ಕಣ್ಣಿನ ಹೊಂದಾಣಿಕೆಯಲ್ಲೇ ತೊಂದರೆ ಇತ್ತು. ಒಂದು ವರ್ಷ ಥೆರಪಿ ಆಯ್ತು, ಈಗ ಚೆನ್ನಾಗಿದಾನೆ. ಒಂದೂವರೆ ವರ್ಷ ಮೊದಲೇ ಹೋಗಿದ್ರೆ ಅವನು ಅಷ್ಟು ಬೈಸಿಕೊಳ್ತಿರಲಿಲ್ಲ ಅನ್ನೋ ಕೊರಗು ನನಗಿದೆ.

ಆಟ ಆಡಿಸೋದು ಅಂದ್ರೆ ಕಣ್ಣು ಮುಚ್ಚಿಕೊಳ್ಳೋದಲ್ಲ. ಆಟದಲ್ಲೇ ಗಮನಿಸಿ.

ಓಟಿ, ಮೈಸೂರು
ಡಿಸೆಂಬರ್ 22, ಸಂಜೆ 4:00

ಈ ಮಾತನ್ನ ಎಲ್ಲರೂ ಎರಡು ಸಲ ಓದಿ. ಬರೆಯೋದು ಒಂದೇ ತಡವಾದ್ರೆ ಕಾಯಬಹುದು. ಬರೆಯೋದರ ಜೊತೆ ಗುಂಡಿ, ಚಮಚ, ಮೆಟ್ಟಿಲು ಇಳಿಯೋದು, ಚೆಂಡು ಹಿಡಿಯೋದು ಎಲ್ಲ ಕಷ್ಟ ಅನ್ನಿಸಿದ್ರೆ ಕಾಯಬೇಡಿ, ಮಕ್ಕಳ ವೈದ್ಯರ ಹತ್ತಿರ ಕೇಳಿ. ಕಣ್ಣಿನ ಪರೀಕ್ಷೆ ಮೊದಲು ಮಾಡಿಸಿ, ಎಷ್ಟೋ ಸಲ ಅಷ್ಟೇ ಇರತ್ತೆ. ಮಾತು ತಡ, ಪ್ರಾಸ ಗುರುತಿಸೋಕೆ ಆಗಲ್ಲ, ಶಬ್ದ ಬಿಡಿಸೋಕೆ ಬರಲ್ಲ ಅಂದ್ರೆ ಮೈಸೂರಿನವರಿಗೆ ದೂರ ಹೋಗೋದೇ ಬೇಡ, ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೆ. ಕಲಿಕೆಯ ತೊಂದರೆಯನ್ನೂ ಅಲ್ಲಿ ನೋಡ್ತಾರೆ.

ಮಂಡ್ಯದಪ್ಪ
ಜನವರಿ 4, ರಾತ್ರಿ 8:50

ಇಷ್ಟು ದಿನ ಸುಮ್ನೆ ಓದ್ತಿದ್ದೆ. ಇವತ್ತು ಒಂದು ವಿಷ್ಯ ಹೇಳ್ಲೇಬೇಕು ಅನ್ನಿಸ್ತು.

ನನ್ನ ಮಗನಿಗೆ ಬಸ್ಸು ಅಂದ್ರೆ ಪ್ರಾಣ. ರಜೆಯಲ್ಲಿ ಜಗಲಿ ಮೇಲೆ ನಾಲ್ಕು ಕುರ್ಚಿ ಹಾಕ್ಕೊಂಡು ಬಸ್ ಆಟ ಶುರು ಮಾಡ್ದ. ನಾನೂ ಪ್ಯಾಸೆಂಜರ್ ಆದೆ. "ಟಿಕೆಟ್ ಎಲ್ಲಿ ಕಂಡಕ್ಟ್ರೇ?" ಅಂದೆ. ಹಳೇ ಕ್ಯಾಲೆಂಡರ್ ಹರ್ಕೊಂಡ ಬಂದ, ಚೂರು ಚೂರು ಮಾಡ್ದ, ಒಂದೊಂದರ ಮೇಲೆ ಏನೋ ಗೀಚಿ ಕೊಟ್ಟ. "ಇದ್ರಲ್ಲಿ ಎಷ್ಟು ರೂಪಾಯಿ ಅಂತ ಗೊತ್ತಾಗ್ತಿಲ್ಲ" ಅಂದೆ. ಇಸ್ಕೊಂಡು 10 ಅಂತ ಬರ್ದ. ಒಂದು ಅಡ್ಡ ಮಲಗಿತ್ತು, ಆದ್ರೂ 10.

ಆಮೇಲೆ ನಮ್ಮಮ್ಮ ಬಂದ್ರು. "ಈ ಬಸ್ಸು ಎಲ್ಲಿಗೋಯ್ತದಪ್ಪ? ಬೋರ್ಡೇ ಇಲ್ಲ" ಅಂದ್ರು. ನಾನು ಹೇಳ್ಕೊಟ್ಟಿದ್ದಲ್ಲ, ಅವರಾಗೇ ಕೇಳಿದ್ದು. ಹುಡುಗ ಒಂದು ರಟ್ಟು ತಂದ, ಇದ್ದಿಲು ತಂದ, ನೆಲದ ಮೇಲೆ ಬೋರಲು ಮಲಗಿ ತನ್ನಷ್ಟಕ್ಕೆ "ಮಂ... ಮಂ... ಡ್ಯ" ಅಂತ ಬಾಯಲ್ಲಿ ಹೇಳ್ಕೊಂಡು ಬರ್ದ. ಬರೆದಿದ್ದು ಹಿಂಗೆ: ಮಡಯ.

ಮಡಯ ಅಂತ ಬೋರ್ಡು ಹಾಕ್ಕೊಂಡು ಬಸ್ಸು ಮದ್ದೂರಿಗೆ ಹೋಯ್ತು, ಚನ್ನಪಟ್ಣಕ್ಕೆ ಹೋಯ್ತು. ಒಂದು ಪುಟ ಕಾಪಿ ಬರಿ ಅಂದ್ರೆ ಓಡೋಗೋನು, ಅವತ್ತು ಮೂರು ಬೋರ್ಡು ಬರ್ದ. ನಾನು ತಿದ್ದಬೇಕು ಅಂತ ಬಾಯಿ ತೆಗ್ದೆ, ಆ ಮೇಷ್ಟ್ರು ನನ್ನ ಪುಸ್ತಕ ಎತ್ತಿ ತೋರಿಸಿದ್ದು ನೆನಪಾಯ್ತು, ಸುಮ್ನಾದೆ. ಟೀಚರ್, ಸುಮ್ನಿದ್ದಿದ್ದು ಸರಿನಾ? ತಪ್ಪೇ ಅಭ್ಯಾಸ ಆಗಿಬಿಡಲ್ವಾ?

ನಲಿಕಲಿ ಟೀಚರ್
ಜನವರಿ 4, ರಾತ್ರಿ 9:40

ಸರ್, ಆ ರಟ್ಟನ್ನ ಎಸೀಬೇಡಿ, ಎತ್ತಿಡಿ.

ಮಡಯ ಅನ್ನೋದನ್ನ ನಾನು ತಪ್ಪು ಅಂತ ಓದಲ್ಲ. ಯಾರೂ ಹೇಳಿಕೊಡದೆ ಅವನು ಆ ಮಾತನ್ನ ಕಿವಿಯಲ್ಲಿ ಬಿಡಿಸಿಕೊಂಡಿದಾನೆ. ಮ ಕೇಳಿಸ್ತು, ಡ ಕೇಳಿಸ್ತು, ಯ ಕೇಳಿಸ್ತು. ಮೂರಕ್ಕೂ ಸರಿಯಾದ ಅಕ್ಷರ ಹುಡುಕಿದಾನೆ, ಸರಿಯಾದ ಸಾಲಿನಲ್ಲಿ ಇಟ್ಟಿದಾನೆ. ಉಳಿದಿರೋದು ಸೊನ್ನೆ ಮತ್ತು ಯ ಒತ್ತು. ಕನ್ನಡದಲ್ಲಿ ಮಕ್ಕಳು ಮೂಲಾಕ್ಷರ ಮೊದಲು ಹಿಡೀತಾರೆ, ಆಮೇಲೆ ದೀರ್ಘ, ಗುಡಿಸು, ಕೊಂಬು, ಕೊನೆಗೆ ಒತ್ತಕ್ಷರ. ಕಾಗುಣಿತ ಪೂರ್ತಿ ಕೈಗೆ ಹತ್ತೋಕೆ ಮೂರು ನಾಲ್ಕು ವರ್ಷ ಹಿಡಿಯತ್ತೆ. 49 ಅಕ್ಷರ ಕಲಿತರೆ ಮುಗೀತು ಅನ್ನೋ ಭಾಷೆ ಅಲ್ಲ ನಮ್ಮದು, ಒಂದೊಂದು ವ್ಯಂಜನಕ್ಕೂ ಒಂದು ಸಾಲು ರೂಪ ಇದೆ. ಐದಕ್ಕೇ ಎಲ್ಲ ಸರಿ ಬರೀಬೇಕು ಅನ್ನೋದು ಹೇಗೆ ಸಾಧ್ಯ?

ಅಭ್ಯಾಸ ಆಗಿಬಿಡತ್ತೆ ಅನ್ನೋ ಭಯ ಬೇಡ. ತಿದ್ದೋಕೂ ಒಂದು ದಾರಿ ಇದೆ. ನಾಳೆ ನೀವೂ ಒಂದು ಬಸ್ಸು ಮಾಡಿ. ನಿಮ್ಮ ರಟ್ಟಿನ ಮೇಲೆ ಮಂಡ್ಯ ಅಂತ ದೊಡ್ಡದಾಗಿ ಬರೀರಿ, ಪಕ್ಕದಲ್ಲಿ ನಿಲ್ಲಿಸಿ, ಏನೂ ಹೇಳ್ಬೇಡಿ. ಬಸ್ ಸ್ಟ್ಯಾಂಡಿಗೆ ಕರ್ಕೊಂಡು ಹೋದಾಗ ಬೋರ್ಡ್ ಓದಿಸಿ. ಅವನೇ ಒಂದಿನ "ಅಪ್ಪಾ ಇಲ್ಲಿ ಸೊನ್ನೆ ಇದೆ" ಅಂತ ಬರ್ತಾನೆ.

ಅಂಗನವಾಡಿ ಅಕ್ಕ, ನರಸೀಪುರ ಕಡೆ
ಜನವರಿ 5, ಮಧ್ಯಾಹ್ನ 1:50

ಅಣ್ಣ, ನಾಳೆ ನಮ್ಮ ಕೇಂದ್ರದಲ್ಲೂ ಬಸ್ ಆಟ. ನಾವು ಸಂತೆ ಆಟ ಆಡಿಸ್ತೀವಿ, ಟೊಮೊಟೊ ಚಿತ್ರ ಬರೆದು ಬೆಲೆ ಹಾಕೋದು. ಬಸ್ಸು ತಲೆಗೆ ಹೊಳೆದಿರಲಿಲ್ಲ.

ಹೆಬ್ಬಾಳ ಅಮ್ಮ
ಜನವರಿ 5, ರಾತ್ರಿ 9:15

ಮೊಬೈಲಲ್ಲಿ ಅಕ್ಷರ ತಿದ್ದೋ ಆ್ಯಪ್ ಇದಾವಲ್ಲ, ಅವು ಸಾಲದಾ? ನನ್ನ ಮಗಳು ಅದರಲ್ಲಿ ಚೆನ್ನಾಗಿ ತಿದ್ದತಾಳೆ.

ಓಟಿ, ಮೈಸೂರು
ಜನವರಿ 5, ರಾತ್ರಿ 9:50

ಅಕ್ಷರದ ಆಕಾರ ಗುರುತಿಸೋಕೆ ಸ್ವಲ್ಪ ಸಹಾಯ ಆಗಬಹುದು. ಆದ್ರೆ ಗಾಜಿನ ಮೇಲೆ ಬೆರಳು ಜಾರತ್ತೆ, ಹಾಳೆ ಅಥವಾ ಸ್ಲೇಟು ತಡೆಯೋ ಹಾಗೆ ಅದು ತಡೆಯಲ್ಲ, ಒತ್ತಡದ ಅಂದಾಜು ಕೈಗೆ ಸಿಗಲ್ಲ. ಒಂದೇ ಬೆರಳು ಕೆಲಸ ಮಾಡತ್ತೆ. ಸ್ಲೇಟು ಮತ್ತು ಬಳಪ ಕೊಡಿ.

ಸರಸ್ವತಿಪುರಂ ಅಮ್ಮ
ಜನವರಿ 16, ರಾತ್ರಿ 10:30

ಸಂಕ್ರಾಂತಿ ಗಡಿಬಿಡಿ ಮುಗೀತು, ಕೂತು ಬರೀತಿದೀನಿ. ತಿಂಗಳಾಯ್ತು.

ಶಾಲೆಗೆ ಹೋಗಿ ಮಿಸ್ ಹತ್ರ ಮಾತಾಡಿದೆ. ಜಗಳಕ್ಕೆ ಹೋಗಿಲ್ಲ. ಅವಳ ಗೋಡೆ ಚಿತ್ರದ ಫೋಟೊ, ರಂಗೋಲಿ ಫೋಟೊ ತೋರಿಸಿದೆ, ಕೈ ನೋವಿನ ವಿಷಯ ಹೇಳಿದೆ. ಅವರ ಕ್ಲಾಸಿನಲ್ಲಿ ಮೂವತ್ತೆಂಟು ಮಕ್ಕಳು. ಅವರಿಗೂ ಮೇಲಿನಿಂದ ಒತ್ತಡ ಇದೆ, ಪುಸ್ತಕ ತುಂಬದಿದ್ರೆ ತಂದೆತಾಯಿಗಳೇ ಬಂದು ಕೇಳ್ತಾರಂತೆ. ಕೊನೆಗೆ ಪುಟಕ್ಕೆ ಎರಡು ಸಾಲು ಸಾಕು ಅಂದ್ರು. ಉಳಿದ ಜಾಗದಲ್ಲಿ ಚಿತ್ರ ಬರೀಬಹುದು ಅಂತಾನೂ ಅಂದ್ರು. ಎಲ್ಲ ಪೋಷಕರಿಗೂ ಇದನ್ನ ಹೇಳೋಕೆ ಅವರಿಗೆ ಧೈರ್ಯ ಸಾಲದು ಅನ್ನಿಸ್ತು, ಅದಕ್ಕೆ ನಾವು ನಾಲ್ಕೈದು ತಾಯಂದಿರು ಸೇರಿ ಮುಂದಿನ ಮೀಟಿಂಗಿನಲ್ಲಿ ಮಾತಾಡೋದು ಅಂತ ಇದೀವಿ.

ಹಿಡಿತ ಇನ್ನೂ ಪೂರ್ತಿ ಬಂದಿಲ್ಲ. ಕ್ರೇಯಾನ್ ತುಂಡು ಕೊಟ್ರೆ ಮೂರು ಬೆರಳಲ್ಲಿ ಹಿಡೀತಾಳೆ, ಉದ್ದ ಪೆನ್ಸಿಲ್ ಕೊಟ್ರೆ ಮತ್ತೆ ಮುಷ್ಟಿ. ಮೊನೆ ಮುರಿಯೋದು ಕಮ್ಮಿ ಆಗಿದೆ. ಅವರೆಬೇಳೆ ಹಿದುಕೋದ್ರಲ್ಲಿ ಮಾತ್ರ ನನಗಿಂತ ಚುರುಕು, ಅಡುಗೆಮನೆ ಗೋಡೆಯೆಲ್ಲ ಬೇಳೆ.

ಎಳ್ಳು ಬೀರೋಕೆ ಸಣ್ಣ ಕವರುಗಳಿಗೆ ತುಂಬೋ ಕೆಲಸ ಅವಳಿಗೆ ಕೊಟ್ಟಿದ್ದೆ. ಎಳ್ಳು, ಬೆಲ್ಲದಚ್ಚು, ಕೊಬ್ಬರಿ ಚೂರು, ಕಡಲೆಬೀಜ, ಚಿಟಿಕೆ ಚಿಟಿಕೆಯಾಗಿ. ತುಂಬ್ತಾ ತುಂಬ್ತಾ "ಇದು ಯಾರಿಗೆ ಅಂತ ಮರೆತೋಗತ್ತೆ" ಅಂದ್ಲು. ಸ್ವಲ್ಪ ಹೊತ್ತು ಯೋಚನೆ ಮಾಡಿ ಎದ್ದು ಹೋಗಿ ಪೆನ್ಸಿಲ್ ಡಬ್ಬಿ ತಂದ್ಲು. ನಾನು ಕೊಬ್ಬರಿ ಹೆಚ್ಚುತಾ ಇದ್ದೆ, ತಲೆ ಎತ್ತಲಿಲ್ಲ, ಎತ್ತಿದ್ರೆ ಎಲ್ಲಿ ನಿಲ್ಲಿಸಿಬಿಡ್ತಾಳೋ ಅಂತ. ಚೀಟಿ ಹರಿದು ಒಂದೊಂದು ಕವರಿನೊಳಗೆ ಹಾಕಿದ್ಲು. ಪಕ್ಕದ ಮನೆ ಆಂಟಿಗೆ ಒಂದು ಹೂವು. ಅವರ ನಾಯಿಗೆ ನಾಲ್ಕು ಕಾಲು. ಅಜ್ಜಿ ಕವರಿಗೆ ಒಂದು ಅ. ಹೊಟ್ಟೆ ಸ್ವಲ್ಪ ದೊಡ್ಡದಾಗಿತ್ತು, ಬಾಲ ಚೀಟಿಯಿಂದ ಆಚೆ ಹೋಗಿತ್ತು. ಅ ಅಂತ ಯಾರು ನೋಡಿದ್ರೂ ಓದಬಹುದು.

ಅತ್ತೆ ಎಳ್ಳು ತಿಂದು ಚೀಟಿಯನ್ನ ಪರ್ಸಿನಲ್ಲಿ ಇಟ್ಕೊಂಡಿದಾರೆ. ಇವತ್ತು ಬೆಳಿಗ್ಗೆ ಎದ್ದ ತಕ್ಷಣ ಕೇಳಿದ್ಲು: "ಅಮ್ಮ, ಜ್ಜಿ ಹೇಗೆ ಬರೆಯೋದು?"

ಕುವೆಂಪುನಗರ ಅಜ್ಜಿ
ಜನವರಿ 17, ಬೆಳಿಗ್ಗೆ 7:10

ಅಕ್ಕಿ ತಟ್ಟೆ ತೆಗೆದಿಡು. ಜ ಬರೆದು ತೋರಿಸು, ಒತ್ತು ನಿಧಾನಕ್ಕೆ ಬರಲಿ.